ಆರರಿಂದ ಐದಕ್ಕೆ ಪಾಸಾಗುವ ಶಾಲೆ

ವಾರಾಂತ್ಯಕ್ಕೆ ಬೆಂಗಳೂರಿನಿಂದ ಪಾಂಡಿಚೇರಿಗೆ ಹೋದವರು ವೈಟ್ ಟೌನಿನ ಹಳದಿ ಗೋಡೆಗೊರಗಿ ಫೋಟೊ ತೆಗೆಸಿಕೊಳ್ಳದೆ ವಾಪಸಾಗುವುದಿಲ್ಲ. ಅದೇ ಬೀದಿಗಳ ನಡುವೆ 1826ರಲ್ಲಿ ಶುರುವಾದ ಫ್ರೆಂಚ್ ಶಾಲೆಯೊಂದು ಇಂದಿಗೂ ನಡೆಯುತ್ತಿದೆ ಎಂಬುದು ಮಾತ್ರ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅದು ಪಾಂಡಿಚೇರಿಯ ಲಿಸೆ ಫ್ರಾನ್ಸೆ.

ಫ್ರಾನ್ಸಿನ ಪಠ್ಯಕ್ರಮ ಹೇಳಿಕೊಡುವ ಶಾಲೆಗಳು ಹೊರದೇಶಗಳಲ್ಲಿ ಸುಮಾರು 600 ಇವೆ. ಸಾಮಾನ್ಯವಾಗಿ ಅವು ರಾಯಭಾರಿಗಳು, ಕಂಪನಿ ಅಧಿಕಾರಿಗಳ ಮಕ್ಕಳಿಗಾಗಿ ಹುಟ್ಟಿದವು. ಲಂಡನ್ನಿನದು 1915ರಲ್ಲಿ ಯುದ್ಧದಿಂದ ಓಡಿಬಂದವರ ಮಕ್ಕಳಿಗೆಂದು ತೆರೆದದ್ದು. ಪಾಂಡಿಚೇರಿಯದು ಬೇರೆಯೇ ಜಾತಿ. ಶಾಲೆ ಬಿಡುವ ಹೊತ್ತಿಗೆ ಹೊರಬರುವವರಲ್ಲಿ ಬಹಳಷ್ಟು ಜನ ತಮಿಳು ಮನೆಯ ಮಕ್ಕಳು. ಗೆಳೆಯರ ಜತೆ ಜಗಳ ಫ್ರೆಂಚಿನಲ್ಲಿ, ಸ್ಕೂಟರ್ ನಿಲ್ಲಿಸಿಕೊಂಡು ಕಾಯುವ ತಾತನ ಹತ್ತಿರ ದೂರು ತಮಿಳಿನಲ್ಲಿ.

ಇವರು ಪರದೇಶಕ್ಕೆ ಬಂದ ಫ್ರೆಂಚರಲ್ಲ, ಕೂತಲ್ಲೇ ಫ್ರೆಂಚರಾದವರು. 1954ರ ಅಕ್ಟೋಬರ್ 18ರಂದು ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಪಾಂಡಿಚೇರಿಯ ಕೀಳೂರಿನಲ್ಲಿ ಸೇರಿದ 178 ಜನಪ್ರತಿನಿಧಿಗಳಲ್ಲಿ 170 ಮಂದಿ ಭಾರತದ ಜತೆ ವಿಲೀನದ ಪರ ಮತ ಹಾಕಿದರು. ನವೆಂಬರ್ 1ಕ್ಕೆ ಆಡಳಿತ ಕೈಬದಲಾಯಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರಲ್ಲಿ, ಅದು ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಅಲ್ಲಿ ಹುಟ್ಟಿದವರು ಬೇಕಿದ್ದರೆ ಆರು ತಿಂಗಳೊಳಗೆ ಫ್ರೆಂಚ್ ಪೌರತ್ವ ಉಳಿಸಿಕೊಳ್ಳಬಹುದಿತ್ತು. ಕೆಲವು ಸಾವಿರ ಜನ ಉಳಿಸಿಕೊಂಡರು. ಫ್ರೆಂಚ್ ಸೇನೆಯಲ್ಲಿ ದುಡಿದು ಪಿಂಚಣಿ ಪಡೆದು ಊರಿಗೆ ಮರಳಿದವರನ್ನು ಅಲ್ಲಿ ‘ಸೊಲ್ದಾ’ ಎನ್ನುತ್ತಾರೆ. ಇಂಥ ಮನೆಗಳ ಮೊಮ್ಮಕ್ಕಳು, ಮರಿಮಕ್ಕಳು ಶಾಲೆಗೆ ಬರುತ್ತಾರೆ. ಫ್ರೆಂಚ್ ಪಾಸ್‌ಪೋರ್ಟ್ ಇದ್ದು ಮನೆಯ ವರಮಾನ ಸಾಲದಿದ್ದರೆ ಫೀಸಿಗೆ ಫ್ರಾನ್ಸ್ ಸರ್ಕಾರದ ವಿದ್ಯಾರ್ಥಿವೇತನ ಕೇಳಬಹುದು.

ಒಳಗಿನ ಲೆಕ್ಕ ನಮಗೆ ತಲೆಕೆಳಗು. ಪ್ರಾಥಮಿಕ ಮುಗಿಸಿದ ಹನ್ನೊಂದರ ಮಗು ನಮ್ಮಲ್ಲಿಯ ಹಾಗೆಯೇ ಆರನೆಯದಕ್ಕೆ ಸೇರುತ್ತದೆ. ಆದರೆ ಮುಂದಿನ ವರ್ಷ ಐದು, ಆಮೇಲೆ ನಾಲ್ಕು. ಹೀಗೆ ಇಳಿಯುತ್ತ ಒಂದಕ್ಕೆ ಬಂದು, ಕೊನೆಗೆ ‘ತೆರ್ಮಿನಾಲ್’ ಎಂಬ ವರ್ಷದಲ್ಲಿ ಶಾಲೆ ಮುಗಿಸುವ ‘ಬ್ಯಾಕ್’ ಪರೀಕ್ಷೆ. 1808ರಲ್ಲಿ ನೆಪೋಲಿಯನ್ ಕಾಲದಲ್ಲಿ ಶುರುವಾದದ್ದು ಇದು. ವಿಜ್ಞಾನ ಓದುವವರೂ ನಾಲ್ಕು ತಾಸು ಕೂತು ತತ್ತ್ವಶಾಸ್ತ್ರದ ಪತ್ರಿಕೆ ಬರೆಯಬೇಕು. ಇಪ್ಪತ್ತಕ್ಕೆ ಹದಿನಾರು ಬಂದರೆ ‘ಅತ್ಯುತ್ತಮ’ ಎಂಬ ಷರಾ. ಶೇಕಡ ತೊಂಬತ್ತೆಂಟು ಬಂದರೂ ಉಳಿದೆರಡು ಎಲ್ಲಿ ಹೋಯಿತೆಂದು ಕೇಳುವ ನಮ್ಮ ಅಪ್ಪ-ಅಮ್ಮಂದಿರನ್ನು ಅಲ್ಲಿ ಒಂದು ವರ್ಷ ಕೂರಿಸಬೇಕು!

ಪ್ಯಾರಿಸ್ಸಿನಲ್ಲೋ ಮಡಗಾಸ್ಕರಿನಲ್ಲೋ ಓದುತ್ತಿದ್ದ ಮಗು ಇಲ್ಲಿಗೆ ಬಂದರೂ ಅದೇ ಪಾಠ ಮುಂದುವರಿಯುತ್ತದೆ. ಇಲ್ಲಿಂದ ಹೋದರೂ ಅಷ್ಟೆ. ವ್ಯವಸ್ಥೆಯ ಜಾಣತನ ಇರುವುದು ಇದರಲ್ಲೇ, ಊರಿಗೆ ಆಗುವ ನಷ್ಟವೂ ಇದರಿಂದಲೇ ಎನಿಸುತ್ತದೆ. ಬ್ಯಾಕ್ ಮುಗಿಸಿದವರಲ್ಲಿ ಅನೇಕರು ಕಾಲೇಜಿಗೆ ಫ್ರಾನ್ಸಿಗೆ ಹಾರುತ್ತಾರೆ, ಕೆಲಸವೂ ಅಲ್ಲೇ ಸಿಗುತ್ತದೆ. ಪಾಂಡಿಚೇರಿಯ ಮನೆ ನೋಡಿಕೊಳ್ಳಲು ಹಿರಿಯರು ಉಳಿಯುತ್ತಾರೆ. ಇಷ್ಟಾದರೂ ಬ್ಯಾಕ್‌ನಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ತಮಿಳೂ ಒಂದು. ಮನೆಯಲ್ಲಿ ಅಜ್ಜಿಯಿಂದ ಕಲಿತ ಮಾತಿಗೆ ಫ್ರಾನ್ಸಿನ ಶಿಕ್ಷಣ ಇಲಾಖೆಯಿಂದಲೇ ಅಂಕ ಸಿಗುತ್ತದೆ.