ವಿಮಾನದ ಟಿಕೇಟಿನಲ್ಲಿರುವ ಭದ್ರತಾ ಶುಲ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಕೊಲ್ಲಿ ದೇಶಗಳಿಗೂ ಮುಂಬಯಿಗೂ ದುಡಿಯಲು ಹೋದವರು ಅನೇಕರು. ಅವರು ಬಜ್ಪೆಯಿಂದ ವಿಮಾನವೇರಲು ಕೊಳ್ಳುವ ಟಿಕೇಟಿನಲ್ಲಿ, ಪ್ರಯಾಣದರದ ಜೊತೆಗೆ ‘ವಿಮಾನಯಾನ ಭದ್ರತಾ ಶುಲ್ಕ’ವೂ ಸೇರಿರುತ್ತದೆ. ಅದನ್ನು ವಸೂಲು ಮಾಡುವುದು ವಿಮಾನ ಕಂಪೆನಿ. ಆದರೆ ಆ ಹಣ ಕಂಪೆನಿಯದಲ್ಲ.

ಧರ್ಮಸ್ಥಳಕ್ಕೆ ಹೊರಟವರ ಕೈಯಲ್ಲಿ ನೆರೆಹೊರೆಯವರು ಕಾಣಿಕೆ ಕೊಟ್ಟು ಕಳುಹಿಸುವುದುಂಟಷ್ಟೆ. ಹಣ ದಾರಿಯುದ್ದಕ್ಕೂ ಅವರ ಜೇಬಿನಲ್ಲಿದ್ದರೂ ಸೇರತಕ್ಕುದು ದೇವರ ಹುಂಡಿಗೆ. ವಿಮಾನ ಕಂಪೆನಿಯ ಸ್ಥಾನವೂ ಇಂತಹುದೇ.

1999ರ ಡಿಸೆಂಬರಿನಲ್ಲಿ ನಮ್ಮ ವಿಮಾನವೊಂದನ್ನು ಅಪಹರಿಸಿ ಕಂದಹಾರಕ್ಕೆ ಒಯ್ದ ಬಳಿಕ, 2000ದಿಂದ ವಿಮಾನ ನಿಲ್ದಾಣಗಳ ರಕ್ಷಣೆಯನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ ಒಪ್ಪಿಸಲಾಗುತ್ತ ಬಂದಿತು. 2020ರ ಜನವರಿ 20ರಂದು ಮಂಗಳೂರು ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲ ಪತ್ತೆಯಾದಾಗ ಎಚ್ಚರದಿಂದಿದ್ದುದು ಈ ಪಡೆಯೇ. ಇಂತಹ ಕಾವಲಿನ ವೆಚ್ಚಕ್ಕೆ ಪ್ರಯಾಣಿಕರೇ ಹಣ ತೆರುತ್ತಾರೆ. ಹಿಂದೆ 200 ರೂಪಾಯಿಗಳ ‘ಪ್ರಯಾಣಿಕ ಸೇವಾ ಶುಲ್ಕ’ದಲ್ಲಿ 130 ರೂಪಾಯಿ ಭದ್ರತೆಯ ಪಾಲಾಗಿತ್ತು. 2019ರ ಜುಲೈ 1ರಿಂದ ಭದ್ರತಾ ಶುಲ್ಕವೇ ಪ್ರತ್ಯೇಕವಾಯಿತು. ಅದು ಸೇರುವುದು ಒಂದು ರಾಷ್ಟ್ರೀಯ ನಿಧಿಗೆ. 2021ರ ಏಪ್ರಿಲ್ 1ರಿಂದ ಅದು ಒಳನಾಡಿನ ಪ್ರಯಾಣಕ್ಕೆ 200 ರೂಪಾಯಿ, ವಿದೇಶಕ್ಕೆ 12 ಡಾಲರು ಎಂದು ನಿಗದಿಯಾಯಿತು. ಈ ದರ ಕಾಲಕಾಲಕ್ಕೆ ಬದಲಾಗತಕ್ಕುದು.

ಲೆಕ್ಕದ ಬಗೆಯನ್ನು ನೋಡೋಣ. ಮುಂಬಯಿಗೆ ಹೊರಡುವ ಒಂದು ವಿಮಾನಕ್ಕೆ 180 ಮಂದಿಯ ಹೆಸರು ದಾಖಲಾಗಿದೆ ಎನ್ನಿ. ಅವರಲ್ಲಿ ಎರಡು ವರ್ಷ ತುಂಬದ ಶಿಶುಗಳು 4; ಅವಕ್ಕೆ ಶುಲ್ಕವಿಲ್ಲ. ಉಳಿದ 176 ಮಂದಿಯಿಂದ, ತಲೆಗೆ 200ರಂತೆ, 35,200 ರೂಪಾಯಿ ಸಂಗ್ರಹವಾಯಿತು. ಆದರೆ 6 ಮಂದಿ ಬರಲೇ ಇಲ್ಲ. ಶುಲ್ಕ ಸಲ್ಲುವುದು ವಿಮಾನವೇರಿದವರ ಮೇಲಾದುದರಿಂದ ನಿಧಿಗೆ ಸೇರಬೇಕಾದುದು 170 ಮಂದಿಯ 34,000 ರೂಪಾಯಿ ಮಾತ್ರ. ಮಿಕ್ಕ 1,200 ರೂಪಾಯಿ ಯಾರದು?

ಅದು ನಿಧಿಯದಲ್ಲ, ಕಂಪೆನಿಯದೂ ಅಲ್ಲ. ಆ ಆರು ಮಂದಿಯದು. ಟಿಕೇಟನ್ನು ರದ್ದುಮಾಡಿದರೂ, ಪ್ರಯಾಣಕ್ಕೆ ಬಾರದೆ ಹೋದರೂ, ಪ್ರಯಾಣದರವೇ ಹಿಂದಿರುಗದ ಅಗ್ಗದ ಟಿಕೇಟಾದರೂ, ಇಂತಹ ಶುಲ್ಕಗಳನ್ನು ಮರಳಿಸಬೇಕೆಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಪೇಟೆಯ ಏಜೆಂಟರಲ್ಲಿ ಕೊಂಡಿದ್ದರೂ ಹೊಣೆ ಕಂಪೆನಿಯದೇ.

ಅಮೆರಿಕದಲ್ಲಿ 2002ರ ಫೆಬ್ರವರಿಯಿಂದ ಇಂತಹ ಶುಲ್ಕವಿದೆ. ಅಲ್ಲಿ ಒಂದು ತಿಂಗಳ ಸಂಗ್ರಹವನ್ನು ಮುಂದಿನ ತಿಂಗಳ ಕೊನೆಯೊಳಗೆ ಸರಕಾರಕ್ಕೆ ಕಟ್ಟಬೇಕು; ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು. ಅಲ್ಲಿಯ ವರೆಗೆ ಕಂಪೆನಿ ಬರಿಯ ಧರ್ಮದರ್ಶಿ. ಬಡ್ಡಿ ಬಂದರೆ ಮಾತ್ರ ಅದಕ್ಕೆ ಸಲ್ಲುತ್ತದೆ.

ಆದುದರಿಂದ, ಪ್ರಯಾಣ ತಪ್ಪಿದಾಗ ‘ಹೋದದ್ದು ಹೋಯಿತು’ ಎಂದು ಟಿಕೇಟನ್ನು ಎಸೆಯಬಾರದು. ಅದರಲ್ಲಿನ ಶುಲ್ಕಗಳನ್ನು ಕೂಡಿಸಿ ಕಂಪೆನಿಯನ್ನು ಲಿಖಿತವಾಗಿ ಕೇಳಬೇಕು. ಒಬ್ಬರ ಮಟ್ಟಿಗೆ ಮೊತ್ತ ಸಣ್ಣದು. ಯಾರೂ ಕೇಳದಿದ್ದರೆ ಕೂಡಿಬೀಳುವ ಮೊತ್ತ ಸಣ್ಣದಲ್ಲ.