ನಡುಹಗಲ ಬಿಸಿಲಿಗಿಂತ ಸಾವಿರ ಪಟ್ಟು

ಏಪ್ರಿಲ್ ಮಧ್ಯಾಹ್ನ ಮೈಸೂರಿನ ಹಿನಕಲ್ ಮೇಲ್ಸೇತುವೆಯ ಮೇಲೆ ನೆತ್ತಿ ಸುಡುವ ಬಿಸಿಲಿದೆಯಲ್ಲ, ಅದರ ಬಲ ಚದರ ಸೆಂಟಿಮೀಟರಿಗೆ ಸುಮಾರು 0.1 ವಾಟ್ ಅಷ್ಟೇ. ಗೇಮ್ ಆಡುವ ಹುಡುಗರು ಆಸೆಪಡುವ ಇಂಟೆಲ್ ಕೋರ್ ಐ9-13900ಕೆ ಚಿಪ್ಪಿನಲ್ಲಿ ಎರಡೂವರೆ ಚದರ ಸೆಂಟಿಮೀಟರಿನ ಸಿಲಿಕಾನ್ ತುಣುಕು 250 ವಾಟ್ ಬಿಸಿ ಉಗುಳುತ್ತದೆ. ಅಂದರೆ ಅಷ್ಟೇ ಜಾಗಕ್ಕೆ ಬೀಳುವ ಆ ಬಿಸಿಲಿನ ಸಾವಿರ ಪಟ್ಟು! ಫ್ಯಾನೋ ನೀರಿನ ಪೈಪೋ ಇಷ್ಟನ್ನು ಹೇಗೋ ನಿಭಾಯಿಸುತ್ತದೆ.

ಕಂಪನಿ ಗೊತ್ತುಮಾಡಿದ ವೇಗವನ್ನು ಮೀರಿಸಲು ಹೊರಟ ಓವರ್‌ಕ್ಲಾಕರ್‌ಗಳಿಗೆ ಅದು ಸಾಲದು. ಚಿಪ್ಪಿನ ಮೇಲೆ ತಾಮ್ರದ ಉದ್ದನೆಯ ಲೋಟ ಕೂರಿಸಿ ದ್ರವ ಸಾರಜನಕ ಸುರಿಯುತ್ತಾರೆ: ಮೈನಸ್ 196 ಡಿಗ್ರಿ. 1983ರಲ್ಲಿ ಅಂಟಾರ್ಕ್ಟಿಕಾದ ವೋಸ್ಟಾಕ್ ಕೇಂದ್ರದಲ್ಲಿ ದಾಖಲಾದ ಭೂಮಿಯ ಅತಿ ಕಡು ಚಳಿಯೇ ಮೈನಸ್ 89.2. ಲೋಟದ ಹೊರಮೈಗೆ ಬಿಳಿ ಹಿಮ ಕಟ್ಟುತ್ತದೆ. ಅದು ಕರಗಿ ಒಂದು ಹನಿ ಬಿದ್ದರೂ ಬೋರ್ಡು ಸುಟ್ಟುಹೋಗಬಹುದು. ಅದಕ್ಕೇ ಮದರ್‌ಬೋರ್ಡಿಗೆ ಮೊದಲೇ ವ್ಯಾಸಲೀನ್ ಬಳಿದು, ಲೋಟದ ಬುಡಕ್ಕೆ ಟಿಶ್ಯೂ ಪೇಪರ್ ಸುತ್ತುತ್ತಾರೆ.

ಇದೇ ದ್ರವ ನಮ್ಮ ಕೊಟ್ಟಿಗೆಗಳಿಗೆ ಎಂದೋ ಬಂದಿದೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಲು ಬರುವ ಪಶುವೈದ್ಯರು ವೀರ್ಯವಿಟ್ಟು ತರುವ ಕ್ಯಾನಿನ ಮುಚ್ಚಳ ತೆಗೆದಾಗ ಹೊಗೆಯಂತೆ ಏಳುವುದು ಇದರದೇ ತಂಪು. ಹೆಸರಘಟ್ಟದಲ್ಲಿ ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೇ ಇದೆ. ಕ್ಯಾನಿನಲ್ಲಿ ಮುಚ್ಚಿಟ್ಟರೆ ದಿನಗಟ್ಟಲೆ ಉಳಿಯುವ ಸಾರಜನಕ, ವೇಗ ಮೀರಿಸಿದಾಗ 500 ವಾಟ್ ಉಗುಳುವ ಚಿಪ್ಪಿನ ಮೇಲೆ ಲೀಟರಿಗೆ ಐದೇ ನಿಮಿಷ ಬಾಳುತ್ತದೆ.

ಇನ್ನೂ ಕೆಳಗಿಳಿಯಬೇಕೆಂದರೆ ಹೀಲಿಯಂ, ಮೈನಸ್ 269. ಆದರೆ ಕುದಿಯುವಾಗ ಹೀರುವ ಬಿಸಿಯನ್ನಷ್ಟೇ ಲೆಕ್ಕ ಹಿಡಿದರೆ ಅದೇ ಚಿಪ್ಪಿನ ಮೇಲೆ ಒಂದು ಲೀಟರ್ ಹೀಲಿಯಂ ಐದು ಸೆಕೆಂಡಿಗೆ ಮುಗಿಯುತ್ತದೆ! ಅದನ್ನೇ ಸುರಿದು 2024ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಓವರ್‌ಕ್ಲಾಕರ್ ಎಲ್ಮೋರ್ ಒಂದು ಚಿಪ್ಪನ್ನು 9.117 ಗಿಗಾಹರ್ಟ್ಸ್‌ಗೆ ಏರಿಸಿ ದಾಖಲೆ ಬರೆದರು. ಸೆಕೆಂಡಿಗೆ ಸುಮಾರು 912 ಕೋಟಿ ಮಿಡಿತ. ಒಂದು ಮಿಡಿತದಿಂದ ಇನ್ನೊಂದಕ್ಕೆ ಬೆಳಕು ಕೂಡ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ, ಅಷ್ಟೇ. ಬೆಳಕಿನ ವೇಗದ ಪಕ್ಕದಲ್ಲಿಟ್ಟು ಅಳೆಯಬೇಕಾದ ಯಂತ್ರ ಮೇಜಿನ ಮೇಲೆ ಕೂತಿದೆ ಎಂಬುದು ನನಗೆ ದಾಖಲೆಗಿಂತ ದೊಡ್ಡ ಬೆರಗು.

ಮೈಸೂರಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಇದನ್ನು ಮಾಡಿ ನೋಡುವ ಹುಮ್ಮಸ್ಸು ಬಂದರೆ ಒಳ್ಳೆಯದೇ. ಆದರೆ ಎಚ್ಚರ ಬೇಕು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕವನ್ನು ತಳ್ಳಿ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಿಸುತ್ತದೆ. ಹಾಸ್ಟೆಲ್ ರೂಮಿನಲ್ಲಿ ಬೇಡ. ಕಾಲೇಜಿನ ಲ್ಯಾಬಿನಲ್ಲಿ, ಕಿಟಕಿ ಬಾಗಿಲು ತೆರೆದು, ಮೇಷ್ಟ್ರ ಎದುರಿಗೇ ಮಾಡಿ.