ತೋಟದಲ್ಲಿ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿನಾ? ಬ್ಯಾಟರಿ ಬದಲಿಸೋ ಮುಂಚೆ ಸಿಗ್ನಲ್ ನೋಡಿ

ಕಳೆದ ಬೇಸಿಗೆಯಲ್ಲಿ ನನಗೊಂದು ಪೆಟ್ಟು ಬಿತ್ತು. ನಮ್ಮ ತೋಟ ಮುಳಬಾಗಿಲು ತಾಲ್ಲೂಕಿನ ಆಂಧ್ರ ಗಡಿ ಪಕ್ಕದಲ್ಲಿದೆ. ಟೊಮೆಟೊ ಕೋಲಾರ ಎಪಿಎಂಸಿಗೆ ಕಳಿಸೋದಾ, ವಡ್ಡಹಳ್ಳಿ ಮಾರುಕಟ್ಟೆಗಾ ಅಂತ ರೇಟ್ ಕೇಳಿ ಹೇಳ್ತೀನಿ ಎಂದು ಗಾಡಿಯವರಿಗೆ ತಿಳಿಸಿದ್ದೆ. ಬೆಳಗ್ಗೆ ಫುಲ್ ಚಾರ್ಜ್ ಇದ್ದ ಫೋನ್ ಮಧ್ಯಾಹ್ನ 3ಕ್ಕೇ ಸ್ವಿಚ್ ಆಫ್. ಗಾಡಿಯವರು ಕಾದು ಕಾದು ಬೇರೆ ಲೋಡಿಗೆ ಹೋದರು. 60 ಕ್ರೇಟ್ ಹಣ್ಣು ರಾತ್ರಿಯೆಲ್ಲ ಹೊಲದಲ್ಲೇ ಉಳಿದು ಮೆತ್ತಗಾಯಿತು.

ಬ್ಯಾಟರಿ ಹೋಗಿದೆ ಅಂದುಕೊಂಡೆ. ಆದರೆ ಅದೇ ಫೋನ್ ಕೋಲಾರ ಪೇಟೆಗೆ ಹೋದ ದಿನ ರಾತ್ರಿವರೆಗೂ ಬರುತ್ತಿತ್ತು!

ಯಾಕೆ ಹೀಗಾಗುತ್ತೆ?

ನಮ್ಮ ಬೋರ್‌ವೆಲ್ ಲೆಕ್ಕವೇ. ನೀರು ಆಳಕ್ಕಿಳಿದಷ್ಟೂ ಮೋಟಾರ್ ಹೆಚ್ಚು ಕರೆಂಟ್ ತಿನ್ನುತ್ತೆ. ಹಾಗೆಯೇ ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು. 4ಜಿ ಫೋನ್ ಸುಮಾರು 200 ಮಿಲಿವ್ಯಾಟ್‌ವರೆಗೆ ಶಕ್ತಿ ಬಳಸಿ ಸಿಗ್ನಲ್ ಕಳಿಸಬಲ್ಲದು. ಟವರ್ ಹತ್ತಿರವಿದ್ದರೆ ಅದರ ಸಣ್ಣ ಪಾಲು ಸಾಕು.

ಗಡಿಯಲ್ಲಿ ಇನ್ನೊಂದು ತಾಪತ್ರಯ. ಆಂಧ್ರದ ಟವರ್ ಹಿಡಿದು ರೋಮಿಂಗ್‌ಗೆ ಹೋದ ಫೋನ್, ತನ್ನ ಸ್ವಂತ ನೆಟ್‌ವರ್ಕ್ ಸಿಗುತ್ತಾ ಅಂತ ಆಗಾಗ ಹುಡುಕುತ್ತಲೇ ಇರುತ್ತೆ. ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲೂ, ತಮಿಳುನಾಡು ಕಡೆಗಿರುವ ಮಾಲೂರಿನ ಹಳ್ಳಿಗಳಲ್ಲೂ ಇದೇ ಕಥೆ.

ಮೊದಲು ಅಳತೆ ಮಾಡಿ

ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ನೋಡಿ. ಸಿಗ್ನಲ್ ಮೈನಸ್ 90 ಡಿಬಿಎಂ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ತೀರಾ ದುರ್ಬಲ. 10 ಅಂಕಿ ಕುಸಿದರೆ ಫೋನಿಗೆ ತಲುಪುವ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ.

ನಾನು ಬದಲಿಸಿಕೊಂಡ ಅಭ್ಯಾಸಗಳು

1. 5ಜಿ ಬಂದು ಹೋಗುವ ಕಡೆ 'ಪ್ರಿಫರ್ಡ್ ನೆಟ್‌ವರ್ಕ್' ಅನ್ನು 4ಜಿಗೆ ಇಟ್ಟೆ. 2ಜಿ ಮಾತ್ರ ಅಂತ ಇಡಬೇಡಿ, ಜಿಯೋದಲ್ಲಿ 2ಜಿ ಇಲ್ಲ, ಕರೆಯೇ ಬರಲ್ಲ.
2. ಕೆಲಸದ ಹೊತ್ತಲ್ಲಿ ಡೇಟಾ ಆಫ್. ಕರೆ ಬಂದೇ ಬರುತ್ತೆ.
3. ವಾಟ್ಸಾಪ್ ಫೋಟೋ, ವಿಡಿಯೋ ತಾನಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿದೆ. ರೋಗದ ಎಲೆಯ ಫೋಟೋಗಳನ್ನು ಸಿಗ್ನಲ್ ಇರೋ ಜಾಗಕ್ಕೆ ಬಂದು ಒಟ್ಟಿಗೆ ಕಳಿಸ್ತೀನಿ.
4. ತೋಟದಲ್ಲಿ ಸಿಗ್ನಲ್ ಸಿಗದ ಎರಡನೇ ಸಿಮ್ ಆಫ್.
5. ತಗಡಿನ ಪಂಪ್ ಶೆಡ್ ಒಳಗೆ ಫೋನ್ ಇಡಲ್ಲ. ತಗಡು ಸಿಗ್ನಲ್ ತಡೆಯುತ್ತೆ, ಶಾಖ ಬ್ಯಾಟರಿ ತಿನ್ನುತ್ತೆ. ಮರದ ನೆರಳೇ ಮೇಲು.

ಒಂದು ಎಚ್ಚರಿಕೆ: ಮೋಡ ಕಟ್ಟಿದ ದಿನ ಡೇಟಾ ಆಫ್ ಮಾಡಬೇಡಿ. 'ಸಿಡಿಲು', 'ದಾಮಿನಿ' ಆ್ಯಪ್‌ಗಳ ಮುನ್ನೆಚ್ಚರಿಕೆ ಬರೋದು ಡೇಟಾ ಮೂಲಕವೇ. ಚಾರ್ಜ್‌ಗಿಂತ ಜೀವ ದೊಡ್ಡದು.

ಈಗ ಅದೇ ಹಳೇ ಬ್ಯಾಟರಿಯಲ್ಲಿ ಸಂಜೆಗೂ 40 ಪರ್ಸೆಂಟ್ ಉಳಿಯುತ್ತೆ. ಗಾಡಿಯವರ ಕರೆ ಮತ್ತೆ ತಪ್ಪಿಲ್ಲ. ನಾಳೆ ತೋಟಕ್ಕೆ ಹೋದಾಗ ನಾಲ್ಕು ಮೂಲೆಯಲ್ಲೂ ನಿಂತು ಸಿಗ್ನಲ್ ನೋಡಿ, ಚೆನ್ನಾಗಿರೋ ಮೂಲೆಯೇ ಫೋನ್ ಇಡೋ ಜಾಗ.